ಮಂಡಿಯೂರಲಾಗದವರ ಪ್ರಾರ್ಥನೆ

ಶಹಾಬಾದಿನ ಪರಸಿ ಕಲ್ಲನ್ನು ಕಾಣದ ಮನೆ ನಮ್ಮ ಭಾಗದಲ್ಲಿ ಇಲ್ಲವೆಂದೇ ಹೇಳಬೇಕು. ಪಡಸಾಲೆಗೆ, ಅಂಗಳಕ್ಕೆ, ಅಡುಗೆಮನೆಯ ಕಟ್ಟೆಗೆ, ಹಳ್ಳಿಗಳಲ್ಲಿ ಎಷ್ಟೋ ಕಡೆ ಮಾಳಿಗೆಗೂ ಅದೇ ಕಲ್ಲು. ನಮ್ಮ ದೇವಾಲಯಗಳ ನೆಲಕ್ಕೂ ಬಹುಮಟ್ಟಿಗೆ ಅದನ್ನೇ ಹಾಸಲಾಗಿದೆ. ಆ ತಣ್ಣನೆಯ ಕಲ್ಲಿನ ಮೇಲೆ ಮೊಣಕಾಲೂರಿ ಜಪಸರ ಹೇಳಿದ ಜನ, ಗಣಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಅದೇ ಕಲ್ಲನ್ನು ಎಬ್ಬಿಸಿದ ಜನ, ಸುಣ್ಣದ ಕಲ್ಲನ್ನು ಅರೆದು ಸುಟ್ಟು ಸಿಮೆಂಟು ಮಾಡಿದ ಜನ ಇಂದು ಅರವತ್ತರ ಆಸುಪಾಸಿಗೆ ಬಂದು ನಿಂತಿದ್ದಾರೆ. ಅವರ ಮೊಣಕಾಲುಗಳು ಸವೆದಿವೆ. ಮನೆಭೇಟಿಗೆಂದು ಹೋದಾಗ ಇತ್ತೀಚಿನ ವರ್ಷಗಳಲ್ಲಿ ಕಣ್ಣಿಗೆ ಬೀಳುತ್ತಿರುವ ಹೊಸ ವಸ್ತುವೆಂದರೆ ಗೋಡೆಗೆ ಒರಗಿಸಿಟ್ಟ ವಾಕರ್.

ಸಿಕಂದರಾಬಾದಿನಿಂದ ವಾಡಿಯವರೆಗೆ ನಿಜಾಮರ ರೈಲುಮಾರ್ಗ 1874ರಲ್ಲಿ ಪೂರ್ಣಗೊಂಡಂದಿನಿಂದ ಈ ಜಂಕ್ಷನ್ನು ದೂರದ ಜನರನ್ನು ಇಲ್ಲಿಗೆ ಕರೆತರುತ್ತಲೇ ಬಂದಿದೆ. ಶಹಾಬಾದಿನ ಕಾರ್ಖಾನೆಗಳು, 1968ರಿಂದ ವಾಡಿಯ ಎಸಿಸಿ, 1980ರ ದಶಕದಲ್ಲಿ ಮಳಖೇಡ ಮತ್ತು ಸೇಡಂನ ಸಿಮೆಂಟು ಕಾರ್ಖಾನೆಗಳು, ಹೀಗೆ ಒಂದೊಂದು ಚಿಮಣಿ ಎದ್ದಂತೆಲ್ಲ ಒಂದೊಂದು ಕಾಲೊನಿಯೂ ಎದ್ದಿತು. ತೆಲುಗು, ತಮಿಳು, ಮಲಯಾಳಂ, ಕೊಂಕಣಿ ಮನೆಮಾತಿನ ಕಥೋಲಿಕ ಕುಟುಂಬಗಳು ಇಲ್ಲಿಯ ಕನ್ನಡ ಕುಟುಂಬಗಳೊಡನೆ ಒಂದೇ ಪೀಠದ ಸುತ್ತ ಕೂಡಿದವು. 2005ರ ಜೂನ್ 24ರಂದು ಗುಲ್ಬರ್ಗ ಧರ್ಮಪ್ರಾಂತ್ಯವು ಸ್ಥಾಪನೆಯಾಗಿ, ಪರಮಪೂಜ್ಯ ರಾಬರ್ಟ್ ಮೈಕಲ್ ಮಿರಾಂದಾರವರು ಅದರ ಪ್ರಥಮ ಧರ್ಮಾಧ್ಯಕ್ಷರಾದಾಗ ಈ ಚದುರಿದ ಮಂದೆಗೆ ತನ್ನದೇ ಆದ ಒಂದು ಮನೆ ದೊರೆಯಿತು. ಆದರೆ ಸಂಬಳಕ್ಕಾಗಿ ಬಂದವರ ಬದುಕಿನಲ್ಲಿ ಸಂಬಳ ನಿಲ್ಲುವ ದಿನವೂ ಬಂದೇ ಬರುತ್ತದೆ. 58 ಅಥವಾ 60 ತುಂಬಿದೊಡನೆ ಹಾರ ಹಾಕಿ, ಶಾಲು ಹೊದಿಸಿ, ಗೋಡೆ ಗಡಿಯಾರವೊಂದನ್ನು ಕೈಗಿತ್ತು ಬೀಳ್ಕೊಡುತ್ತಾರೆ. ಕ್ವಾರ್ಟರ್ಸು ಬಿಡಬೇಕು. ಹುಟ್ಟಿದ ಊರಿನಲ್ಲಿ ಗುರುತು ಹಿಡಿಯುವವರಿಲ್ಲ, ಮಕ್ಕಳು ಪುಣೆಯಲ್ಲೋ ಬೆಂಗಳೂರಿನಲ್ಲೋ ಇದ್ದಾರೆ, ಮೂವತ್ತು ವರ್ಷ ದುಡಿದ ಊರಿನಲ್ಲಿ ಬಾಡಿಗೆ ಮನೆ ಹುಡುಕಬೇಕು.

ಶಸ್ತ್ರಚಿಕಿತ್ಸೆಯೂ ಇದೇ ಹೊತ್ತಿಗೆ ಬಂದು ಕೂಡಿಕೊಳ್ಳುತ್ತದೆ. ಇದಕ್ಕೆ ಕಾರಣವುಂಟು. ನೌಕರಿಯಲ್ಲಿರುವಾಗ ರಜೆ ಸಿಗುವುದಿಲ್ಲ. ಸಿಕ್ಕರೂ ಆಳು ದುರ್ಬಲನಾದನೆಂಬ ಮಾತು ಬರಬಾರದೆಂದು ಗುಳಿಗೆ ನುಂಗಿ ಪಾಳಿಗೆ ಹೋಗುತ್ತಾರೆ. ಪಿ.ಎಫ್. ಹಣ ಕೈಗೆ ಬಂದ ಮೇಲೆ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಕಲಬುರಗಿಗೋ ಹೋಗಿ ಮಂಡಿ ಬದಲಾಯಿಸಿಕೊಂಡು ಬರುತ್ತಾರೆ. ಆದುದರಿಂದ ನಿವೃತ್ತಿಯ ಮೊದಲ ವರ್ಷವೂ ಶಸ್ತ್ರಚಿಕಿತ್ಸೆಯ ಮೊದಲ ವರ್ಷವೂ ಒಂದೇ ಆಗಿಬಿಡುತ್ತವೆ. ನಡೆಯುವುದನ್ನು ಹೊಸದಾಗಿ ಕಲಿಯುವ ಹೊತ್ತಿನಲ್ಲಿಯೇ, ಎಲ್ಲಿಗೆ ನಡೆಯಬೇಕು ಎಂಬ ಪ್ರಶ್ನೆಯೂ ಎದುರು ನಿಲ್ಲುತ್ತದೆ.

ಫಿಟ್ಟರ್ ಆಗಿ ನಿವೃತ್ತರಾದ ಹಿರಿಯರೊಬ್ಬರು ಎರಡೂ ಮಂಡಿಗಳ ಚಿಕಿತ್ಸೆ ಮಾಡಿಸಿಕೊಂಡು ಬಂದು ನಾಲ್ಕು ತಿಂಗಳಾದರೂ ಭಾನುವಾರದ ಬಲಿಪೂಜೆಗೆ ಕಾಣಿಸಲಿಲ್ಲ. ಮನೆಗೆ ಹೋದೆ. ಬೀದಿಯ ಕೊನೆಯ ಅಂಗಡಿಯವರೆಗೆ ನಡೆದು ಹೋಗಿ ಬರುತ್ತಿದ್ದರು. ದೇವಾಲಯ ಅದಕ್ಕಿಂತ ದೂರವೇನೂ ಇರಲಿಲ್ಲ. "ಬೇರಿಂಗ್ ಬದಲ್ ಮಾಡ್ಯಾರ್ರಿ ಫಾದರ್, ಆದ್ರ ಮಷೀನ್ ಚಾಲೂ ಆಗವಲ್ದು" ಎಂದು ನಕ್ಕರು. ಸ್ವಲ್ಪ ಹೊತ್ತು ಸುಮ್ಮನಿದ್ದು ಮೆಲ್ಲಗೆ ಹೇಳಿದರು: "ಡಾಕ್ಟರು ಮೊಣಕಾಲು ಊರಬ್ಯಾಡ, ನೆಲಕ್ಕ ಕೂಡಬ್ಯಾಡ ಅಂದಾರ. ಎಲ್ಲಾರೂ ನೆಲದ ಮ್ಯಾಲ ಇರೂವಾಗ ನಾ ಒಬ್ಬಾಂವ ದೇವರ ಮುಂದ ಕುರ್ಚಿ ಹಾಕ್ಕೊಂಡು ಹ್ಯಾಂಗ ಕೂಡ್ಲಿ?"

ಈ ಎರಡು ಮಾತುಗಳನ್ನು ಬಿಡಿಸಿ ನೋಡುವುದು ಅಗತ್ಯವೆಂದು ನನಗೆ ತೋರುತ್ತದೆ.

ಮೊಣಕಾಲೂರುವುದೇ ಭಕ್ತಿಯೇ?

ಎರಡನೆಯ ಮಾತಿನಿಂದಲೇ ತೊಡಗೋಣ. ಮೊಣಕಾಲೂರುವುದು ನಮ್ಮ ಧರ್ಮಸಭೆಯಲ್ಲಿ ಅತಿ ಪ್ರಾಚೀನವಾದ, ಪೂಜ್ಯವಾದ ಭಂಗಿ ಎಂಬುದರಲ್ಲಿ ಸಂದೇಹವಿಲ್ಲ. ಹೀಬ್ರೂ ಭಾಷೆಯಲ್ಲಿ ಮೊಣಕಾಲಿಗೆ ಇರುವ ಪದವೂ 'ಆಶೀರ್ವದಿಸು' ಎಂಬ ಪದವೂ ಒಂದೇ ಮೂರು ವ್ಯಂಜನಗಳಿಂದ ಆದವು. ಜೆರುಸಲೇಮಿನ ಪ್ರಥಮ ಧರ್ಮಾಧ್ಯಕ್ಷರಾದ ಯಾಕೋಬರು ಸದಾ ಮೊಣಕಾಲೂರಿ ಜನರಿಗಾಗಿ ಪ್ರಾರ್ಥಿಸುತ್ತಿದ್ದುದರಿಂದ ಅವರ ಮಂಡಿಗಳು ಒಂಟೆಯ ಮಂಡಿಗಳಂತೆ ಗಡಸಾಗಿದ್ದವೆಂದು ಎರಡನೆಯ ಶತಮಾನದ ಹೆಗೆಸಿಪ್ಪುಸ್ ಎಂಬ ಲೇಖಕರು ಹೇಳಿದ್ದನ್ನು ಚರಿತ್ರಕಾರ ಯುಸೇಬಿಯಸರು ದಾಖಲಿಸಿದ್ದಾರೆ.

ಆದರೆ ಅದೇ ಪ್ರಾಚೀನ ಧರ್ಮಸಭೆ ಮತ್ತೊಂದು ನಿಯಮವನ್ನೂ ಮಾಡಿತ್ತೆಂಬುದನ್ನು ನಮ್ಮಲ್ಲಿ ಬಲ್ಲವರು ಕಡಿಮೆ. ನಾವು ಪ್ರತಿ ಭಾನುವಾರ ಹೇಳುವ ವಿಶ್ವಾಸ ಪ್ರಮಾಣಕ್ಕೆ ಅಡಿಪಾಯ ಹಾಕಿದ, ಕ್ರಿ.ಶ. 325ರ ನಿಸೇಯ ಮಹಾಸಭೆಯ ಇಪ್ಪತ್ತನೆಯ ನಿಯಮದ ಪ್ರಕಾರ ಭಾನುವಾರಗಳಲ್ಲಿಯೂ ಪಾಸ್ಕ ಕಾಲದಲ್ಲಿಯೂ ವಿಶ್ವಾಸಿಗಳು ಮೊಣಕಾಲೂರದೆ ನಿಂತೇ ಪ್ರಾರ್ಥಿಸತಕ್ಕದ್ದು. ಕಾರಣವಿಷ್ಟೇ: ಭಾನುವಾರ ಪುನರುತ್ಥಾನದ ದಿನ, ಎದ್ದ ಪ್ರಭುವಿನೊಡನೆ ಎದ್ದು ನಿಲ್ಲುವುದೇ ಅಂದಿನ ಪ್ರಾರ್ಥನೆ. ಮಂಡಿಯೂರುವುದು ಪಶ್ಚಾತ್ತಾಪದ, ತಪಸ್ಸಿನ ಭಂಗಿಯಾಗಿತ್ತು. ಪವಿತ್ರೀಕರಣದ ವೇಳೆ ಮೊಣಕಾಲೂರುವ ರೂಢಿ ಪಶ್ಚಿಮದ ಧರ್ಮಸಭೆಯಲ್ಲಿ ಬೇರುಬಿಟ್ಟದ್ದು ಮಧ್ಯಯುಗದಲ್ಲಿ.

ಇನ್ನು ನಮ್ಮ ದೇಶದ ಮಾತು. 1969ರ ಏಪ್ರಿಲ್‌ನಲ್ಲಿ ರೋಮಾಪುರಿಯು ಭಾರತದ ಧರ್ಮಾಧ್ಯಕ್ಷರ ಕೋರಿಕೆಯಂತೆ ಆರಾಧನಾವಿಧಿಯ ಹನ್ನೆರಡು ಅಂಶಗಳಿಗೆ ಅನುಮತಿ ನೀಡಿತು. ನೆಲದ ಮೇಲೆ ಕುಳಿತುಕೊಳ್ಳುವುದು, ಮೊಣಕಾಲೂರುವುದರ ಬದಲಿಗೆ ಕೈಜೋಡಿಸಿ ಆಳವಾಗಿ ಬಾಗಿ ನಮಿಸುವುದು, ಪಂಚಾಂಗ ಪ್ರಣಾಮ ಮುಂತಾದವು ಆಗ ನಮ್ಮ ಪೂಜೆಗೆ ಬಂದವು. ಭಂಗಿಯೆಂಬುದು ಜನರ ಸಂಸ್ಕೃತಿಗೆ ತಕ್ಕಂತೆ ರೂಪ ತಾಳಬಲ್ಲುದೆಂದು ಧರ್ಮಸಭೆಯೇ ಅಂದು ಒಪ್ಪಿಕೊಂಡಿತು. ಶರೀರದ ಸ್ಥಿತಿಗೆ ತಕ್ಕಂತೆಯೂ ಹೌದು: ರೋಮನ್ ಪೂಜಾಗ್ರಂಥದ ಸಾಮಾನ್ಯ ಸೂಚನೆಗಳ 43ನೆಯ ಪರಿಚ್ಛೇದವು ಪವಿತ್ರೀಕರಣದ ವೇಳೆ ಮೊಣಕಾಲೂರಬೇಕೆಂದು ಹೇಳುವಾಗಲೇ, ಅನಾರೋಗ್ಯವಿದ್ದವರನ್ನು ಅದರಿಂದ ಹೊರತುಪಡಿಸಿದೆ, ಮೊಣಕಾಲೂರಲಾಗದವರು ಗುರುಗಳು ಮಂಡಿಬಾಗುವಾಗ ತಾವೂ ಆಳವಾಗಿ ತಲೆಬಾಗಿದರೆ ಸಾಕು. ಹಾಗೆಯೇ ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸವು ವೃದ್ಧರಿಗೆ, ರೋಗಿಗಳಿಗೆ ಮತ್ತು ಅವರ ಆರೈಕೆ ಮಾಡುವವರಿಗೆ ಅನ್ವಯಿಸುವುದಿಲ್ಲ. ತಪಸ್ಸುಕಾಲದ ಉಪವಾಸದ ಕಟ್ಟಳೆಯಂತೂ 59 ವರ್ಷ ತುಂಬಿದವರಿಗೆ ಇಲ್ಲವೇ ಇಲ್ಲ. ಶಸ್ತ್ರಚಿಕಿತ್ಸೆಯ ಗಾಯ ಮಾಯುವ ಕಾಲದಲ್ಲಿ ಹೊಟ್ಟೆ ಕಟ್ಟಿ ಔಷಧಿ ನುಂಗುವ ತಾಯಂದಿರನ್ನು ಕಂಡಿದ್ದೇನೆ. ಅವರಿಗೆ ಬೇಕಾದುದು ಬೇಳೆ, ಹಾಲು, ಮೊಟ್ಟೆ. ತೊಗರಿಯ ಕಣಜವೆನಿಸಿದ ನಾಡಿನಲ್ಲಿ ಅದಕ್ಕೇನು ಬರ!

ರಾಜ ದಾವೀದನ ಕಥೆಯಲ್ಲಿ ಮೆಫೀಬೋಶೆತ್ ಎಂಬೊಬ್ಬ ಬರುತ್ತಾನೆ. ಯೋನಾತಾನನ ಮಗ, ಎರಡೂ ಕಾಲು ಕುಂಟು. ದಾವೀದನು ಅವನನ್ನು ಹುಡುಕಿಸಿ ಕರೆತಂದು, ಜೀವಮಾನವಿಡೀ ರಾಜನ ಪಂಕ್ತಿಯಲ್ಲಿಯೇ ಊಟಕ್ಕೆ ಕೂರುವಂತೆ ಏರ್ಪಾಡು ಮಾಡಿದ. ಸಮುವೇಲನ ಎರಡನೆಯ ಗ್ರಂಥದ ಒಂಬತ್ತನೆಯ ಅಧ್ಯಾಯವನ್ನು ಮನೆಯಲ್ಲಿ ತೆರೆದು ಓದಿರಿ. ಕೊನೆಯ ವಚನವು ಅವನು ರಾಜಪಂಕ್ತಿಯಲ್ಲಿ ಉಣ್ಣುತ್ತಿದ್ದುದನ್ನೂ ಅವನ ಕಾಲುಗಳು ಕುಂಟಾಗಿದ್ದುದನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಯುತ್ತದೆ. ಕಾಲು ವಾಸಿಯಾಯಿತೆಂದು ಅಲ್ಲಿ ಎಲ್ಲಿಯೂ ಬರೆದಿಲ್ಲ.

ಯಂತ್ರವೋ, ಮನುಷ್ಯನೋ

ಇನ್ನು ಆ ಹಿರಿಯರ ಮೊದಲ ಮಾತು: ಬೇರಿಂಗು ಮತ್ತು ಮಷೀನು. ಮೂವತ್ತು ವರ್ಷ ಯಂತ್ರಗಳ ನಡುವೆ ಬದುಕಿದವರಿಗೆ ಆ ಹೋಲಿಕೆ ಸಹಜ. ವೈದ್ಯಕೀಯ ದೃಷ್ಟಿಯಿಂದ ತಪ್ಪೂ ಅಲ್ಲ. ಸವೆದುಹೋದ ಮೃದ್ವಸ್ಥಿಯನ್ನು ಕೆತ್ತಿ ತೆಗೆದು, ತೊಡೆಯ ಮೂಳೆಯ ತುದಿಗೂ ಕೆಳಗಾಲಿನ ಮೂಳೆಯ ತಲೆಗೂ ಲೋಹದ ಕವಚ ಕೂಡಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ ಇಡುತ್ತಾರೆ. ಇಂದಿನ ಕೃತಕ ಮಂಡಿಗೆ ಮೂಲಮಾದರಿಯಾದುದು 1974ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಬಳಕೆಗೆ ಬಂತು. ಅದನ್ನು ರೂಪಿಸಿದವರ ಗುಂಪಿನಲ್ಲಿ ಭಾರತೀಯ ಮೂಲದ ಡಾ. ಚಿತ್ತರಂಜನ್ ರಾಣಾವತ್ ಇದ್ದರು. ಮುಂದೆ ಪ್ರಧಾನಿ ವಾಜಪೇಯಿಯವರ ಎಡ ಮಂಡಿಗೆ 2000ದ ಅಕ್ಟೋಬರಿನಲ್ಲಿಯೂ ಬಲ ಮಂಡಿಗೆ 2001ರ ಜೂನಿನಲ್ಲಿಯೂ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆಸಿದವರೂ ಅವರೇ. ನಮ್ಮ ಜನ ಈ ಚಿಕಿತ್ಸೆಯ ಹೆಸರನ್ನು ಮೊದಲು ಕೇಳಿದ್ದು ಬಹುಶಃ ಆಗ. ಹೀಗೆ ಕೂಡಿಸಿದ ಮಂಡಿಗಳಲ್ಲಿ ನೂರಕ್ಕೆ ಸುಮಾರು 82 ಇಪ್ಪತ್ತೈದು ವರ್ಷ ಬಾಳುತ್ತವೆಂದು 2019ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿದೆ.

ಬೇರಿಂಗ್ ಸರಿಹೋಗಿಯೂ ಮಷೀನು ಏಕೆ ಚಾಲೂ ಆಗುವುದಿಲ್ಲ? ಆತ್ಮವು ಶರೀರವೆಂಬ ಯಂತ್ರದೊಳಗೆ ಕುಳಿತ ಚಾಲಕನಂತೆ ಎಂದು ಭಾವಿಸುವವರು ತತ್ತ್ವಶಾಸ್ತ್ರದ ಚರಿತ್ರೆಯಲ್ಲಿ ಕಡಿಮೆಯೇನಿಲ್ಲ. ಫ್ರಾನ್ಸಿನ ಡೆಕಾರ್ಟನ ಅನಂತರ ಅದು ವಿದ್ಯಾವಂತರ ಸಾಮಾನ್ಯ ಭಾವನೆಯೇ ಆಗಿಹೋಯಿತು. ಸಂತ ತೋಮಸ್ ಅಕ್ವಿನಾಸರು ಇದನ್ನು ಒಪ್ಪಲಿಲ್ಲ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರಕ್ಕೆ ವ್ಯಾಖ್ಯಾನ ಬರೆಯುತ್ತ ಅವರು, ಆತ್ಮವೊಂದೇ 'ನಾನು' ಆಗಲಾರದು, ಶರೀರವೂ ಕೂಡಿದರೆ ಮಾತ್ರ ಮನುಷ್ಯ ಎಂಬ ಅಭಿಪ್ರಾಯವನ್ನು ಸ್ಪಷ್ಟವಾಗಿ ತಿಳಿಸಿದ್ದಾರೆ. ಹಾಗಿದ್ದ ಮೇಲೆ ಮಂಡಿಯನ್ನು ಕೊಯ್ದರೆ ಕೊಯ್ಯಿಸಿಕೊಂಡವನು ಇಡೀ ಮನುಷ್ಯ. ನೋವಿನೊಡನೆ ಅವನ ಕೆಲಸ, ಅವನ ಪಾಳಿಯ ಗೆಳೆಯರು, ಬೆಳಗಿನ ಸೈರನ್ನು, 'ಮೇಸ್ತ್ರಿ' ಎಂದು ಕರೆಸಿಕೊಳ್ಳುತ್ತಿದ್ದ ಗೌರವ ಎಲ್ಲವೂ ಒಂದೇ ವರ್ಷದಲ್ಲಿ ಹೋಗಿದ್ದರೆ, ಅವನ ಅಂಜಿಕೆ ಕಾಲಿನಲ್ಲಿ ಮಾತ್ರ ಇರುವುದಿಲ್ಲ. ಎರಡನೇ ಜಾನ್ ಪೌಲರು 1981ರಲ್ಲಿ ದುಡಿಮೆಯನ್ನು ಕುರಿತು ಬರೆದ ವಿಶ್ವಪತ್ರದಲ್ಲಿ, ದುಡಿಮೆ ಇರುವುದು ಮನುಷ್ಯನಿಗಾಗಿ, ಮನುಷ್ಯನಿರುವುದು ದುಡಿಮೆಗಾಗಿ ಅಲ್ಲ ಎಂಬ ತತ್ತ್ವವನ್ನು ಪ್ರತಿಪಾದಿಸಿದರು. ಕಾರ್ಖಾನೆಯ ಗೇಟಿನೊಳಗೆ ಇರುವಾಗ ಈ ಮಾತು ಹಕ್ಕಿನ ಮಾತಾಗಿ ಕೇಳಿಸುತ್ತದೆ; ಗೇಟಿನ ಹೊರಗೆ ಬಂದ ಮೇಲೆ ಅದು ನಂಬಿಕೆಯ ಮಾತಾಗಬೇಕಾಗುತ್ತದೆ. ಅದು ಅಷ್ಟು ಸುಲಭವಲ್ಲ.

ಕಾಲಿನ ಶಸ್ತ್ರಚಿಕಿತ್ಸೆಯೇ ಹೊಸ ಬದುಕಿನ ಬಾಗಿಲಾದ ಪ್ರಸಿದ್ಧ ಉದಾಹರಣೆ ನಮ್ಮ ಧರ್ಮಸಭೆಯಲ್ಲಿಯೇ ಉಂಟು. 1521ರ ಮೇ 20ರಂದು ಪಾಂಪ್ಲೋನದ ಕೋಟೆಯ ಕಾಳಗದಲ್ಲಿ ಫಿರಂಗಿಯ ಗುಂಡೊಂದು ಇನಿಗೊ ಎಂಬ ಮೂವತ್ತರ ಪ್ರಾಯದ ಸೈನಿಕನ ಬಲಗಾಲನ್ನು ಮುರಿಯಿತು. ಲೊಯೋಲದ ಮನೆಗೆ ಹೊತ್ತು ತಂದರು. ಮೂಳೆ ಸರಿಯಾಗಿ ಕೂಡಿಲ್ಲವೆಂದು ಮತ್ತೆ ಮುರಿದು ಕೂಡಿಸಿದರು. ಸಾಯುವ ಸ್ಥಿತಿಗೆ ಬಂದು, ಸಂತ ಪೇತ್ರ ಪೌಲರ ಹಬ್ಬದ ಮುನ್ನಾದಿನ ಚೇತರಿಕೆ ಕಂಡಿತು. ಆದರೆ ಮಂಡಿಯ ಕೆಳಗೆ ಮೂಳೆ ಉಬ್ಬಿಕೊಂಡಿತ್ತು. ಅಂದಿನ ಷೋಕಿಯ ಬಿಗಿ ಬೂಟು ಹಾಕಲಾಗದೆಂದು ಆತ ಅದನ್ನೂ ಗರಗಸದಿಂದ ಕೊಯ್ಯಿಸಿಕೊಂಡ, ಅದೂ ಅರಿವಳಿಕೆಯಿಲ್ಲದ ಕಾಲದಲ್ಲಿ! ಹಾಸಿಗೆಯಲ್ಲಿ ಹೊತ್ತು ಹೋಗದೆ ವೀರರ ಕಥೆಗಳನ್ನು ಕೇಳಿದರೆ ಆ ಮನೆಯಲ್ಲಿ ದೊರೆತದ್ದು ಕ್ರಿಸ್ತರ ಚರಿತ್ರೆ ಮತ್ತು ಸಂತರ ಚರಿತ್ರೆ ಮಾತ್ರ. ಮರುವರ್ಷ ಮೊನ್ಸೆರಾತಿನ ಮಾತೆಯ ಸನ್ನಿಧಿಯಲ್ಲಿ ತನ್ನ ಕತ್ತಿಯನ್ನಿಟ್ಟು ಹೊರಟ ಆ ವ್ಯಕ್ತಿಯೇ ಸಂತ ಇಗ್ನೇಷಿಯಸ್. ಬಿಗಿ ಬೂಟಿಗಾಗಿ ಅಷ್ಟು ಹಿಂಸೆ ಪಟ್ಟರೂ ಕುಂಟು ಮಾತ್ರ ಕೊನೆಯವರೆಗೂ ಉಳಿಯಿತು. ಅವರು ಯುರೋಪಿನ ದಾರಿಗಳನ್ನೆಲ್ಲ ಕುಂಟುತ್ತಲೇ ನಡೆದರು.

ನಮ್ಮ ಕಾಲದ ದೃಷ್ಟಾಂತ ಬೇಕಾದರೆ ಜಗದ್ಗುರು ಫ್ರಾನ್ಸಿಸರದು. 2022ರ ಮೇ 5ರಂದು ಅವರು ಮಂಡಿನೋವಿನಿಂದಾಗಿ ಗಾಲಿಕುರ್ಚಿಯಲ್ಲಿ ಸಾರ್ವಜನಿಕರ ಮುಂದೆ ಬಂದರು. ಹಿಂದಿನ ವರ್ಷ ಕರುಳಿನ ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆಯಿಂದ ಆದ ತೊಂದರೆಯನ್ನು ನೆನೆದು ಮಂಡಿಯ ಶಸ್ತ್ರಚಿಕಿತ್ಸೆಗೆ ಒಪ್ಪಲಿಲ್ಲ. ಆ ಜುಲೈನ ಆಫ್ರಿಕಾ ಪ್ರವಾಸವನ್ನು ಮುಂದೂಡಿದರು. ಪ್ರವಾಸಗಳ ವೇಗವನ್ನು ತಗ್ಗಿಸಬೇಕಾದೀತೆಂದು ಮುಚ್ಚುಮರೆಯಿಲ್ಲದೆ ಹೇಳಿದರು. ಗಮನಿಸಬೇಕಾದ ಸಂಗತಿಯೆಂದರೆ, ಅದೇ ಫೆಬ್ರವರಿಯಿಂದ ಆಗಸ್ಟಿನವರೆಗೆ ಬುಧವಾರದ ಉಪದೇಶಗಳಲ್ಲಿ ಅವರು ಎತ್ತಿಕೊಂಡ ವಿಷಯ ವೃದ್ಧಾಪ್ಯ. ನೀನು ಮುದುಕನಾದಾಗ ಬೇರೊಬ್ಬನು ನಿನ್ನ ನಡುಕಟ್ಟುವನೆಂದು ಪುನರುತ್ಥಾನಿ ಪ್ರಭು ಪೇತ್ರರಿಗೆ ಹೇಳಿದ ಮಾತನ್ನು ಗಾಲಿಕುರ್ಚಿಗೆ ಬಂದ ಪೇತ್ರರ ಉತ್ತರಾಧಿಕಾರಿಯೇ ಜನರಿಗೆ ವಿವರಿಸಿದರು. 2025ರ ಏಪ್ರಿಲ್ 21ರಂದು ನಿಧನರಾಗುವವರೆಗೂ ಆ ಕುರ್ಚಿ ಅವರ ಜತೆಗಿತ್ತು.

ತಾಯಂದಿರ ಸರದಿ ಎಂದು?

ಇಲ್ಲೊಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕಾಗಿದೆ. ಮಂಡಿಯ ಸವೆತ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚೆಂಬುದು ವೈದ್ಯರೆಲ್ಲರೂ ಒಪ್ಪಿದ ಸಂಗತಿ. ನಮ್ಮ ಮನೆಗಳಲ್ಲಿ ಇದಕ್ಕೆ ಸಾಕ್ಷಿ ಬೇಕಿಲ್ಲ. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವವರು, ಕೊಡ ಹೊರುವವರು, ತೊಗರಿಯ ಹೊಲದಲ್ಲಿ ದಿನವಿಡೀ ಬಾಗುವವರು ಅವರು. ಚಿಂಚೋಳಿಯ ತಾಂಡಾಗಳಲ್ಲಿ ಐವತ್ತಕ್ಕೇ ಕಾಲು ಬಿಲ್ಲಿನಂತೆ ಬಾಗಿದ ತಾಯಂದಿರನ್ನು ನಾನು ಕಂಡಿದ್ದೇನೆ. ಆದರೂ ಪಿ.ಎಫ್. ಹಣ ಬಂದಾಗ ಮೊದಲು ಆಸ್ಪತ್ರೆಗೆ ಹೋಗುವ ಮಂಡಿ ಗಂಡನದು. ಆರೈಕೆ ಮಾಡುವವಳು ಸವೆದ ಮಂಡಿಯ ಹೆಂಡತಿ. ಆ ಫಿಟ್ಟರ್ ಅವರ ಮನೆಯಲ್ಲಿಯೂ ಬಿಸಿನೀರು ಹೊತ್ತು ತರುತ್ತಿದ್ದ ತಾಯಿ ಗೋಡೆ ಹಿಡಿದೇ ನಡೆಯುತ್ತಿದ್ದರು. ಕೇಳಿದರೆ "ನಂದೇನ್ರಿ ಫಾದರ್, ನಡೀತದ" ಎಂದರು. ನಮ್ಮ ಕುಟುಂಬಗಳಲ್ಲಿ ಈ 'ನಡೀತದ' ಎಂಬ ಮಾತನ್ನು ಗಂಡಂದಿರೂ ಮಕ್ಕಳೂ ತುಸು ಕಡಿಮೆ ನಂಬುವುದು ಒಳ್ಳೆಯದು.

ಹಣದ ಅಡಚಣೆ ನಿಜವೇ. ಆದರೂ ಕೆಲವು ಸಂಗತಿಗಳನ್ನು ತಿಳಿದಿರಬೇಕು. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವು ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತು. ಅದುವರೆಗೆ ಸರಾಸರಿ ಒಂದೂವರೆ ಲಕ್ಷ ರೂಪಾಯಿಗೂ ಮೇಲಿದ್ದ ಸಾಮಾನ್ಯ ಬಗೆಯ ಮಂಡಿಗೆ ತೆರಿಗೆ ಬಿಟ್ಟು 54,720 ರೂಪಾಯಿ ಎಂದು ಆಗ ನಿಗದಿಯಾಯಿತು. ಇದು ಉಪಕರಣದ ಬೆಲೆ ಮಾತ್ರ. ಆಸ್ಪತ್ರೆಯ ಖರ್ಚು ಬೇರೆ. ಬಿಲ್ಲಿನಲ್ಲಿ ಇವೆರಡನ್ನೂ ಬೇರೆ ಬೇರೆ ತೋರಿಸುವಂತೆ ಕೇಳಲು ಸಂಕೋಚ ಪಡಬೇಡಿರಿ. ಇ.ಎಸ್.ಐ. ವಿಮೆಗೆ ಒಳಪಟ್ಟು ಕನಿಷ್ಠ ಐದು ವರ್ಷ ದುಡಿದು ನಿವೃತ್ತರಾದವರು, ಗುತ್ತಿಗೆ ಕೆಲಸದಲ್ಲಿದ್ದ ನಮ್ಮ ಅನೇಕರೂ ಇದರಲ್ಲಿ ಬರುತ್ತಾರೆ, ವರ್ಷಕ್ಕೆ 120 ರೂಪಾಯಿ ಕಟ್ಟಿ ತಮಗೂ ಪತ್ನಿಗೂ ವೈದ್ಯಕೀಯ ಸೌಲಭ್ಯವನ್ನು ಮುಂದುವರಿಸಿಕೊಳ್ಳಲು ಆ ವಿಮೆಯ ನಿಯಮಗಳಲ್ಲಿ ಅವಕಾಶ ಕಲ್ಪಿಸಲಾಗಿದೆ. ಕಲಬುರಗಿಯಲ್ಲಿ ಇ.ಎಸ್.ಐ. ಆಸ್ಪತ್ರೆ ಇದೆ. ಬೀಳ್ಕೊಡುಗೆಯ ದಿನವೇ ಈ ಕಾಗದಪತ್ರಗಳನ್ನು ವಿಚಾರಿಸಿಕೊಳ್ಳಬೇಕು. ಆಮೇಲೆ ಆಫೀಸಿನಲ್ಲಿ ಗುರುತಿನವರು ಸಿಗುವುದು ಕಷ್ಟ.

ಮನೆಗೆ ಬಂದ ಮೇಲಿನ ಮೊದಲ ಆರು ವಾರಗಳೇ ಮುಖ್ಯವೆಂದು ವೈದ್ಯರು ಒತ್ತಿ ಹೇಳುತ್ತಾರೆ. ಕಾಲನ್ನು ಪೂರ್ತಿ ನೀಡುವ, ಮಡಿಸುವ ವ್ಯಾಯಾಮವನ್ನು ನೋವಿಗೆ ಅಂಜಿ ಬಿಟ್ಟರೆ ಮಂಡಿ ಬಿಗಿದುಕೊಳ್ಳುತ್ತದೆ. ದಿಂಬನ್ನು ಮಂಡಿಯ ಅಡಿಗೆ ಇಟ್ಟುಕೊಂಡು ಮಲಗುವುದು ಹಿತವೆನಿಸಿದರೂ ಒಳ್ಳೆಯದಲ್ಲ. ಹಿಮ್ಮಡಿಯ ಅಡಿಗೆ ಇಡಬೇಕು. ಮೀನಖಂಡ ಊದಿ ನೋಯತೊಡಗಿದರೆ, ಉಸಿರು ಕಟ್ಟಿದರೆ, ಗಾಯ ಕೆಂಪಾಗಿ ಜ್ವರ ಬಂದರೆ ಒಂದು ದಿನವನ್ನೂ ಕಾಯಬಾರದು. ಪೂರ್ತಿ ಚೇತರಿಕೆಗೆ ಒಂದು ವರ್ಷವೂ ಹಿಡಿದೀತು. ನಮ್ಮ ಕಡೆಯ ಬೇಸಿಗೆಯಲ್ಲಿ ನಡಿಗೆಯನ್ನು ಬೆಳಗಿನ ಏಳರೊಳಗೆ ಮುಗಿಸುವುದು ಲೇಸು.

ನಮ್ಮ ಧರ್ಮಕೇಂದ್ರಗಳು ಮಾಡಬೇಕಾದ ಕೆಲಸವೂ ಇದೆ. ದೊಡ್ಡ ಶಸ್ತ್ರಚಿಕಿತ್ಸೆಗೆ ಮುಂಚೆ ವ್ಯಾಧಿಸ್ಥರ ಅಭ್ಯಂಗ ಸಂಸ್ಕಾರವನ್ನು ಸ್ವೀಕರಿಸಬಹುದು. ಅದು ಸಾಯುವವರಿಗೆ ಮಾತ್ರ ಎಂಬ ಹಳೆಯ ತಿಳಿವಳಿಕೆಯನ್ನು ಇನ್ನೂ ಹಿಡಿದುಕೊಂಡವರು ಹೈದರಾಬಾದಿನ ರೈಲು ಹತ್ತುವ ಮುನ್ನ ಗುರುಗಳನ್ನು ಕಾಣುವುದಿಲ್ಲ. ಮನೆಯಲ್ಲಿರುವಾಗ ಪರಮಪ್ರಸಾದ ಬೇಕೆಂದು ಹೇಳಿ ಕಳುಹಿಸಿದರೆ ಯಾವ ಗುರುವೂ ಬೇಸರಿಸುವುದಿಲ್ಲ. ಪ್ರತಿವರ್ಷ ಜುಲೈನ ನಾಲ್ಕನೆಯ ಭಾನುವಾರ ಆಚರಿಸುವಂತೆ ಫ್ರಾನ್ಸಿಸರು 2021ರಲ್ಲಿ ಸ್ಥಾಪಿಸಿದ ಅಜ್ಜ-ಅಜ್ಜಿಯರ ಮತ್ತು ಹಿರಿಯರ ದಿನವನ್ನು ಹೂವು ಕೊಟ್ಟು ಮುಗಿಸದೆ, ನಿವೃತ್ತರಿಗೆ ಕೆಲಸ ಕೊಟ್ಟು ಆಚರಿಸಬೇಕೆಂಬುದು ನನ್ನ ಅಭಿಪ್ರಾಯ. ಆ ಫಿಟ್ಟರ್ ಅವರಿಗೆ ದೇವಾಲಯದ ಪಂಪು ಮತ್ತು ಇನ್ವರ್ಟರಿನ ಜವಾಬ್ದಾರಿ ಹೊರಿಸಿದ್ದೇವೆ. ಈಗ ಭಾನುವಾರ ಎಲ್ಲರಿಗಿಂತ ಮೊದಲು ಬರುತ್ತಾರೆ. ತಾಯಿಯವರ ಮಂಡಿಯ ಎಕ್ಸ್-ರೇ ಆಗಿದೆ. ಸುಗ್ಗಿ ಮುಗಿದ ಮೇಲೆ ನೋಡೋಣವೆನ್ನುತ್ತಾರೆ, ಮಗ ಅದಕ್ಕೆ ಮುಂಚೆಯೇ ಎನ್ನುತ್ತಿದ್ದಾನೆ.

ಕುರ್ಚಿಗಳ ವಿಷಯ ಒಂದು ಉಳಿಯಿತು. ಅವನ್ನು ಹಿಂದಿನ ಗೋಡೆಗೆ ಸಾಲಾಗಿ ಹಾಕುವ ಬದಲು ಅವರವರ ಕುಟುಂಬ ಕುಳಿತುಕೊಳ್ಳುವ ಜಾಗದ ಪಕ್ಕದಲ್ಲಿಯೇ ಹಾಕಿರಿ. ಕೂರುವ ಮಟ್ಟ ಮಂಡಿಗಿಂತ ತುಸು ಎತ್ತರವಿರಲಿ, ಎದ್ದೇಳಲು ಕೈಗಳಿರಲಿ. ಪ್ಲಾಸ್ಟಿಕ್ ಕುರ್ಚಿಯ ಕಾಲುಗಳು ಪರಸಿಯ ಮೇಲೆ ಜಾರುತ್ತವೆ. ಅಡಿಗೆ ರಬ್ಬರಿನ ಬುಡ ಹಾಕಿಸಬೇಕು. ಶನಿವಾರ ಸಂಜೆ ನೆಲ ತೊಳೆಯುವವರು ನೀರನ್ನು ಪೂರ್ತಿ ಒರೆಸಿಯೇ ಬಾಗಿಲು ಹಾಕಲಿ.